ನೆಲದಲ್ಲಿ ಕಾಣುವ ಸುಳ್ಳು ಬಿಂಬ

ಸಬಾದ ರಾಣಿ ಪ್ರವಾದಿ ಸುಲೈಮಾನ್(ಅ)ರ ಅರಮನೆಗೆ ಬಂದ ಪ್ರಸಂಗ ಪವಿತ್ರ ಕುರ್‌ಆನಿನ 'ಅನ್ನಮ್ಲ್' ಅಧ್ಯಾಯದಲ್ಲಿದೆ. ಗಾಜಿನ ನೆಲವನ್ನು ನೀರೆಂದು ಭ್ರಮಿಸಿ ಆಕೆ ಉಡುಪನ್ನು ಮೇಲೆತ್ತಿಕೊಂಡಳು. ಮಹಾಭಾರತದಲ್ಲಿ ಮಯ ಕಟ್ಟಿದ ಸಭಾಭವನದಲ್ಲಿ ದುರ್ಯೋಧನ ಬೇಸ್ತು ಬಿದ್ದದ್ದೂ ಇಂತಹದೇ ನೆಲದ ಮೇಲೆ. ಅವನು ಸ್ಫಟಿಕವನ್ನು ನೀರೆಂದುಕೊಂಡ, ಬಳಿಕ ನೀರನ್ನು ನೆಲವೆಂದುಕೊಂಡು ಅದರಲ್ಲಿ ಬಿದ್ದ. ಹೊಳೆಯುವ ನೆಲ ಕಣ್ಣನ್ನು ಸುಲಭವಾಗಿ ಮೋಸಗೊಳಿಸುತ್ತದೆ ಎಂಬುದನ್ನು ಎರಡು ಪರಂಪರೆಗಳೂ ನೆನಪಿಟ್ಟುಕೊಂಡಿವೆ.

ಆದರೆ ಪ್ರತಿಬಿಂಬಕ್ಕೂ ಒಂದು ನಿಯಮವಿದೆ. ಬೆಳಕು ಯಾವ ಕೋನದಲ್ಲಿ ಕನ್ನಡಿಗೆ ತಾಗುತ್ತದೋ ಅದೇ ಕೋನದಲ್ಲಿ ಹಿಂದಿರುಗುತ್ತದೆ ಎಂಬುದು ಪ್ರಾಚೀನ ಗ್ರೀಕರಿಗೆ ತಿಳಿದಿತ್ತು. ಸುಮಾರು 965ರಲ್ಲಿ ಬಸರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನುಲ್ ಹೈಸಮ್ ಅದನ್ನು ಕೇಳಿ ಒಪ್ಪಿ ಸುಮ್ಮನಾಗಲಿಲ್ಲ. ಸಮತಲ, ಉಬ್ಬು, ತಗ್ಗು ಕನ್ನಡಿಗಳನ್ನು ಉಪಕರಣದಲ್ಲಿಟ್ಟು ಪರೀಕ್ಷಿಸಿ ನೋಡಿದರು. ಅವರ 'ಕಿತಾಬುಲ್ ಮನಾಝಿರ್' ಲ್ಯಾಟಿನ್ ಭಾಷೆಗೆ ಅನುವಾದಗೊಂಡು 1572ರಲ್ಲಿ ಬಾಸೆಲ್ ನಗರದಲ್ಲಿ ಅಚ್ಚಾಯಿತು.

ಕಂಪ್ಯೂಟರಿನಲ್ಲಿ ಚಿತ್ರ ರಚಿಸಲು ಹೊರಟವರಿಗೂ ಇದೇ ನಿಯಮ ಎದುರಾಯಿತು. 1976ರಲ್ಲಿ ಜಿಮ್ ಬ್ಲಿನ್ ಮತ್ತು ಮಾರ್ಟಿನ್ ನ್ಯೂವೆಲ್ ಒಂದು ಅಡ್ಡದಾರಿ ಕಂಡುಕೊಂಡರು. ಸುತ್ತಲಿನ ದೃಶ್ಯದ ಚಿತ್ರವನ್ನೇ ವಸ್ತುವಿನ ಮೈಮೇಲೆ ಮೂಡಿಸಿ ಅದು ಹೊಳೆಯುವಂತೆ ಮಾಡಿದರು. 1980ರಲ್ಲಿ ಬೆಲ್ ಲ್ಯಾಬ್ಸ್‌ನ ಟರ್ನರ್ ವಿಟ್ಟೆಡ್ ನೇರ ದಾರಿ ಹಿಡಿದು, ಒಂದೊಂದೇ ಕಿರಣದ ಹಾದಿಯನ್ನು ಲೆಕ್ಕಹಾಕುವ ವಿಧಾನವನ್ನು ಪ್ರಕಟಿಸಿದರು. ಚೌಕುಳಿ ನೆಲದ ಮೇಲೆ ಗೋಳಗಳು ತೇಲುವ ಅವರ ಒಂದೇ ಒಂದು ಚಿತ್ರಕ್ಕೆ 74 ನಿಮಿಷ ಹಿಡಿಯಿತು. ಸೆಕೆಂಡಿಗೆ 24 ಚಿತ್ರಗಳು ಬೇಕಾದ ಸಿನಿಮಾಕ್ಕೆ ಈ ಲೆಕ್ಕದಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 30 ಗಂಟೆ ಬೇಕು!

ಅಷ್ಟು ಪುರುಸೊತ್ತು ಯಾರಿಗಿತ್ತು? 1993ರಲ್ಲಿ ಅಮೆರಿಕದ ಪ್ರಾವಿಡೆನ್ಸ್ ನಗರದ ಒಂದು ಸಣ್ಣ ಕಂಪೆನಿ 'ಆಫ್ಟರ್ ಎಫೆಕ್ಟ್ಸ್' ತಂತ್ರಾಂಶವನ್ನು ಹೊರತಂದಿತು. 1994ರಲ್ಲಿ ಅದು ಅಡೋಬ್ ಸಂಸ್ಥೆಯ ಪಾಲಾಯಿತು. ಚಿತ್ರಗಳನ್ನು ಪದರ ಪದರವಾಗಿ ಜೋಡಿಸಿ ಚಲಿಸುವಂತೆ ಮಾಡುವ ಇಂತಹ ತಂತ್ರಾಂಶದಲ್ಲಿ ಕಿರಣಗಳ ಲೆಕ್ಕವಿಲ್ಲದೆಯೇ ನೆಲದ ಬಿಂಬ ಸಿದ್ಧವಾಗುತ್ತದೆ. ಚಿತ್ರದ ಪ್ರತಿಯೊಂದನ್ನು ತೆಗೆದು ತಲೆಕೆಳಗು ಮಾಡಿ, ಮೂಲದ ಬುಡಕ್ಕೆ ತಾಗಿಸಿ, ತೆಳುವಾಗಿಸಿ, ಕೆಳಗಿಳಿದಂತೆ ಮಸುಕಾಗಿಸಿದರೆ ಸಾಕು. ಆಪಲ್ ಸಂಸ್ಥೆ 2006ರಲ್ಲಿ ಐಟ್ಯೂನ್ಸ್‌ನ ಆಲ್ಬಮ್ ಚಿತ್ರಗಳಿಗೂ 2007ರಲ್ಲಿ ತನ್ನ ಕಂಪ್ಯೂಟರಿನ ಪರದೆಯ ತಳಪಟ್ಟಿಗೂ ಇಂತಹ ಬಿಂಬ ನೀಡಿದಾಗ ಅದೊಂದು ಶೋಕಿಯಾಯಿತು. 2014ರಲ್ಲಿ ಅದೇ ಸಂಸ್ಥೆ ಆ ಹೊಳೆಯುವ ಪಟ್ಟಿಯನ್ನು ಕೈಬಿಟ್ಟಿತು.

ನೇರವಾಗಿ ನಿಂತ ಚಪ್ಪಟೆ ಚಿತ್ರಕ್ಕೆ ಈ ಉಪಾಯ ಸರಿಹೊಂದುತ್ತದೆ. ವಸ್ತುವಿಗೆ ದಪ್ಪವಿದ್ದರೆ ಗುಟ್ಟು ರಟ್ಟಾಗುತ್ತದೆ. ಗಾಜಿನ ಮೇಜಿನ ಮೇಲಿರುವ ಕಪ್ಪನ್ನು ಓರೆಯಾಗಿ ಮೇಲಿನಿಂದ ನೋಡಿದರೆ ಒಳಗಿನ ಚಹಾ ಕಾಣುತ್ತದೆ. ಮೇಜಿನ ನಿಜವಾದ ಪ್ರತಿಬಿಂಬದಲ್ಲಿ ಕಾಣುವುದು ಕಪ್ಪಿನ ಹೊರಮೈ ಮಾತ್ರ. ತಲೆಕೆಳಗು ಮಾಡಿದ ಪ್ರತಿಯಲ್ಲಾದರೋ ಚಹಾ ಅಲ್ಲಿಯೂ ಇರುತ್ತದೆ!

ಮೋಸ ಮಾಡಲು ನೆರವಾಗುವ ನಿಯಮವೇ ಮೋಸವನ್ನು ಹಿಡಿದುಕೊಡುತ್ತದೆ. 2012ರಲ್ಲಿ ಜೇಮ್ಸ್ ಓಬ್ರಿಯನ್ ಮತ್ತು ಹಾನಿ ಫರೀದ್ ಎಂಬ ವಿಜ್ಞಾನಿಗಳು ತಿದ್ದಿದ ಫೋಟೋಗಳನ್ನು ಪ್ರತಿಬಿಂಬಗಳ ಮೂಲಕ ಪತ್ತೆಹಚ್ಚುವ ವಿಧಾನವನ್ನು ಪ್ರಕಟಿಸಿದರು. ವಸ್ತುವಿನ ಬಿಂದುಗಳನ್ನು ಸಮತಲ ಕನ್ನಡಿಯಲ್ಲಿರುವ ಅವುಗಳದೇ ಬಿಂಬಗಳಿಗೆ ಸೇರಿಸುವ ಗೆರೆಗಳನ್ನು ಎಳೆದರೆ ಅವೆಲ್ಲವೂ ಒಂದೇ ಬಿಂದುವಿನತ್ತ ಸಾಗಬೇಕು, ಇಲ್ಲವೇ ಸಮಾನಾಂತರವಾಗಿರಬೇಕು. ಹಾಗಿಲ್ಲದಿದ್ದರೆ ಯಾರೋ ಕೈಯಾಡಿಸಿದ್ದಾರೆಂದೇ ಅರ್ಥ.

ಜಾಹೀರಾತಿನ ನೆಲದಲ್ಲಿರುವ ಸುಳ್ಳು ಬಿಂಬದಿಂದ ಯಾರಿಗೂ ಕೇಡಿಲ್ಲ. ಆದರೆ ಇಂದು ನಮ್ಮ ಮೊಬೈಲಿಗೆ ಬಂದು ಬೀಳುವ ಕೃತಕ ಚಿತ್ರಗಳಲ್ಲಿ ನೆರೆಹೊರೆಯವರ ನಡುವೆ ಕಿಚ್ಚು ಹಚ್ಚುವಂಥವೂ ಇವೆ. ನಾವು ಅವನ್ನು ಪರೀಕ್ಷಿಸುತ್ತೇವೆಯೇ, ಅಥವಾ ನೋಡಿದ್ದೇ ತಡ ಇತರರಿಗೆ ದಾಟಿಸುತ್ತೇವೆಯೇ?

ಕಣ್ಣು ಮೋಸಹೋಗುವುದು ಅಪರಾಧವಲ್ಲ. ಸಬಾದ ರಾಣಿಯೂ ಮೋಸಹೋದಳು, ದುರ್ಯೋಧನನೂ ಮೋಸಹೋದ. ನೆಲ ಗಾಜಿನದೆಂದು ತಿಳಿದಾಗ ರಾಣಿ ತನ್ನ ತಪ್ಪನ್ನು ಒಪ್ಪಿಕೊಂಡು ಸತ್ಯದತ್ತ ತಿರುಗಿದಳು. ದುರ್ಯೋಧನನಾದರೋ ಅದನ್ನೇ ಅವಮಾನವೆಂದು ಎಣಿಸಿ ಮನಸ್ಸಿನಲ್ಲಿ ಹಗೆ ಬೆಳೆಸಿದ. ನಾವು ಹಂಚಿದ ಚಿತ್ರ ಸುಳ್ಳೆಂದು ಗೊತ್ತಾದಾಗ ನಮ್ಮ ಮುಂದಿರುವುದೂ ಇವೇ ಎರಡು ದಾರಿಗಳು.