ಮೂಗಿನ ಮೇಲಿನ ಹೊಳಪು

ಮುಖದ ಜಿಡ್ಡಿಗೂ ಒಂದು ಚರಿತ್ರೆಯೇ ಎಂದು ವಾಚಕರು ಹುಬ್ಬೇರಿಸಬಹುದು. ನನ್ನಂಥ ಜಿಡ್ಡುಮೋರೆಯವನಿಗಲ್ಲದೆ ಅದನ್ನು ಕೆದಕುವ ಗರಜು ಇನ್ನಾರಿಗಿದ್ದೀತು? ಬೆಳಿಗ್ಗೆ ಕಡಲೆಹಿಟ್ಟು ಹಾಕಿ ತಿಕ್ಕಿ ತೊಳೆದು ಹೊರಟರೂ, ಹನ್ನೆರಡು ಹೊಡೆಯುವ ಹೊತ್ತಿಗೆ ನನ್ನ ಹಣೆ, ಮೂಗು ಹುಣಿಸೆಹಣ್ಣು ಹಚ್ಚಿ ಬೆಳಗಿದ ಹಿತ್ತಾಳೆ ಚೊಂಬು. “ಏನು ರಾಯರೇ, ಇವತ್ತೂ ಹರಳೆಣ್ಣೆಯೇ?” ಎಂದು ಕಚೇರಿಯಲ್ಲಿ ಪಕ್ಕದ ಮೇಜಿನವರು ಕೇಳದ ದಿನವಿಲ್ಲ. ಪೌಡರ್ ಬಳಿದು ನೋಡಿದೆ. ಗಂಟೆಯೊಳಗೆ ಅದು ಜಿಡ್ಡಿನೊಡನೆ ಕಲಸಿ, ಮಳೆ ತಾಗಿದ ಗೋಡೆಯ ಸುಣ್ಣದಂತೆ ಪದರೆದ್ದಿತು.

ಜಪಾನಿಗೆ ಹೋಗಿಬಂದ ಮಿತ್ರರೊಬ್ಬರು ಒಂದು ಪುಟ್ಟ ಕಾಗದದ ಕಟ್ಟು ಕೊಟ್ಟರು. ಹೆಸರು ಅಬುರಾತೊರಿಗಾಮಿ, ಎಂದರೆ ಎಣ್ಣೆ ತೆಗೆಯುವ ಕಾಗದ. ಅದರ ಹುಟ್ಟನ್ನು ಹುಡುಕುತ್ತ ಹೋದ ನಾನು ಕೊನೆಗೆ ಮುಟ್ಟಿದ್ದು ಚಿನ್ನ ಬಡಿಯುವವರ ಕೇರಿಯನ್ನು!

ಮೈಸೂರು ಶೈಲಿಯ ಚಿತ್ರಗಳಲ್ಲಿ ದೇವರ ಕಿರೀಟಕ್ಕೆ ಅಂಟಿಸುವ ಚಿನ್ನದ ರೇಕನ್ನು ನೀವು ಕಂಡೇ ಇದ್ದೀರಿ. ಜಪಾನಿನ ಕನಜಾವಾ ಪಟ್ಟಣದವರು ಅಂಥ ರೇಕನ್ನು ಕಾಗದದ ಹಾಳೆಗಳ ನಡುವೆ ಇಟ್ಟು ಬಡಿದು, ಮಿಲಿಮೀಟರಿನ 10,000ದಲ್ಲೊಂದು ಪಾಲಿನಷ್ಟು ತೆಳ್ಳಗೆ ಮಾಡುತ್ತಾರೆ. ಷೋಗುನರ ಕಾಲದಲ್ಲಿ ಎದೊ, ಕ್ಯೋಟೊಗಳ ಹೊರಗೆ ಈ ಕಸುಬಿಗೆ ನಿಷೇಧವಿತ್ತು; ಕನಜಾವಾದವರು ಗುಟ್ಟಾಗಿ ಬಡಿದರು. 1868ರಲ್ಲಿ ಆ ಆಳ್ವಿಕೆ ಮುಗಿದ ಮೇಲೆ ಬಹಿರಂಗವಾಗಿ ಬಡಿದರು. ಇಂದು ಜಪಾನಿನ ರೇಕೆಲ್ಲ ಹೆಚ್ಚುಕಡಿಮೆ ಅಲ್ಲಿಯದೇ.

ಎಲ್ಲರ ಕಣ್ಣು ಚಿನ್ನದ ಮೇಲೆ, ಪಾಡುಪಟ್ಟದ್ದು ಕಾಗದ. ಗಂಪಿ ಎಂಬ ಪೊದೆಯ ನಾರಿನ ಹಾಳೆಯನ್ನು ಹುಲ್ಲುಬೂದಿಯ ತಿಳಿನೀರು, ಪರ್ಸಿಮನ್ ಹಣ್ಣಿನ ಒಗರುರಸ, ಮೊಟ್ಟೆಯ ಬಿಳಿ ಇವುಗಳಲ್ಲಿ ನೆನೆಸಿ, ಹಿಂಡಿ, ಒಣಗಿಸಿ, ಮತ್ತೆ ಮತ್ತೆ ಬಡಿದು ಹದಗೊಳಿಸಬೇಕು. ಕಾಗದ ಕೆಟ್ಟರೆ ರೇಕೂ ಕೆಟ್ಟಿತು. ಹೀಗೆ ಏಟು ತಿಂದು ತಿಂದು ಸವೆದು, ಚಿನ್ನಕ್ಕೆ ಬೇಡವಾದ ಹಾಳೆಯೇ ಗೆಯಿಷಾಗಳ, ಕಬುಕಿ ನಟರ ಕೈಸೇರಿತು. ಬಡಿತದಿಂದ ನಾರು ಒತ್ತಾಗಿ ನುಣುಪಾದ ಆ ಹಾಳೆಯನ್ನು ಮುಖಕ್ಕೆ ಮೆಲ್ಲನೆ ಒತ್ತಿದರೆ ಜಿಡ್ಡು ಮಾತ್ರ ಬರುತ್ತದೆ, ಬಣ್ಣ ಕದಲುವುದಿಲ್ಲ. ಜಿಡ್ಡು ಹೀರಿದ ಕಡೆ ಹಾಳೆ ಪಾರದರ್ಶಕವಾಗುತ್ತದೆ: ನಾರುಗಳ ನಡುವಿನ ಗಾಳಿಯ ಜಾಗವನ್ನು ಎಣ್ಣೆ ತುಂಬಿ, ಬೆಳಕಿಗೆ ದಾರಿ ಬಿಡುತ್ತದೆ. (ಈ ಪುರವಣಿಯಲ್ಲಿ ಬೋಂಡ ಕಟ್ಟಿಸಿಕೊಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.)

ಬಣ್ಣ ಕದಲದಿರುವುದು ಸಣ್ಣ ಮಾತಲ್ಲ. ಕದಲಿದರೆ ಮತ್ತೆ ಬಳಿಯಬೇಕು. ಆ ಕಾಲದ ಬಿಳಿ ಬಣ್ಣದಲ್ಲಿದ್ದದ್ದು ಸೀಸ! 1887ರಲ್ಲಿ ಮೇಯಿಜಿ ಚಕ್ರವರ್ತಿಯ ಎದುರು ಅಭಿನಯಿಸುತ್ತಿದ್ದ ಹೆಸರಾಂತ ಕಬುಕಿ ನಟ ನಕಾಮುರಾ ಫುಕುಸುಕೆಯ ಕಾಲು ನಡುಗತೊಡಗಿತು. ಅದು ಸಭಾಕಂಪವಲ್ಲ, ವರ್ಷಗಟ್ಟಲೆ ಮುಖಕ್ಕೆ ಬಳಿದ ಸೀಸದ ವಿಷ. ಆ ಬಣ್ಣದ ತಯಾರಿಕೆಗೆ ನಿಷೇಧ ಬಂದದ್ದು 1930ರ ದಶಕದಲ್ಲಿ. ಅಷ್ಟು ವರ್ಷ ತಡವೇಕೆ? ಸೀಸದ ಬಣ್ಣ ಮುಖಕ್ಕೆ ಚೆನ್ನಾಗಿ ಹಿಡಿಯುತ್ತಿತ್ತು, ಚೆಲುವಾಗಿ ಕಾಣುತ್ತಿತ್ತು. ಹೊಳಪನ್ನು ಮುಚ್ಚಲು ಇನ್ನೊಂದು ಪದರ ಮೆತ್ತುವುದಕ್ಕಿಂತ ಜಿಡ್ಡನ್ನೇ ತೆಗೆಯುವುದು ಲೇಸೆಂದು ನನಗೆ ಅನ್ನಿಸಿದ್ದು ಈ ಕಥೆಯಿಂದ.

ಇಂದು ಪೇಟೆಯಲ್ಲಿ ಸಿಗುವ ಹಾಳೆಗಳು ಬಹುಪಾಲು ಈ ಕೆಲಸಕ್ಕೆಂದೇ ತಯಾರಾದವು. ಚಿನ್ನದ ಏಟು ತಿಂದವು ವಿರಳ. ಹಳೆಯ ಕಾಗದದಲ್ಲಿ ರೇಕು ಬಡಿಯುವ ವಿದ್ಯೆಯನ್ನು, ಮರದ ಕಟ್ಟಡಗಳನ್ನು ಕಾಪಾಡುವ ಜಪಾನಿನ ಇತರ ಕುಶಲವಿದ್ಯೆಗಳೊಡನೆ, ಯುನೆಸ್ಕೊ 2020ರಲ್ಲಿ ತನ್ನ ಪಟ್ಟಿಗೆ ಸೇರಿಸಿತು.

ನನ್ನ ಕಟ್ಟಿನಲ್ಲಿ ಉಳಿದದ್ದು ನಾಲ್ಕು ಹಾಳೆ. ನಿನ್ನೆ ಮಧ್ಯಾಹ್ನ ಒಂದನ್ನು ಮೂಗಿಗೊತ್ತಿಕೊಳ್ಳುತ್ತಿದ್ದಾಗ ಪಕ್ಕದ ಮೇಜಿನವರು ಅತ್ತಿತ್ತ ನೋಡಿ ಮೆಲ್ಲನೆ ಕೈಚಾಚಿದರು: “ರಾಯರೇ, ನನಗೂ ಒಂದಿರಲಿ.”