ಅಳಿಯಸಂತಾನ (ಕಾಸರಗೋಡು): ಹೆಣ್ಣು, ಮದುವೆ, ಮನೆತನ

ವಂಶವನ್ನೂ ಆಸ್ತಿಯನ್ನೂ ತಾಯಿಯ ಕಡೆಯಿಂದ ಎಣಿಸುವ ತುಳುನಾಡಿನ ಪದ್ಧತಿಯೇ ಅಳಿಯಸಂತಾನ. ಅಳಿಯಕಟ್ಟು ಎಂದೂ ಕರೆಯುತ್ತಾರೆ. ಇಂದಿನ ಕಾಸರಗೋಡು ಜಿಲ್ಲೆಯ ಉತ್ತರ ಭಾಗದಲ್ಲಿ, ಮಂಜೇಶ್ವರ, ಕುಂಬಳೆಯ ಸುತ್ತಮುತ್ತ, ಬಂಟರು, ಬಿಲ್ಲವರು, ಮೊಗವೀರರು ಮುಂತಾದವರು ಇದನ್ನು ಪಾಲಿಸಿಕೊಂಡು ಬಂದರು. ದಕ್ಷಿಣ ಭಾಗದ ನಾಯರು ಮತ್ತು ತೀಯರಲ್ಲಿ ಇದರ ಹತ್ತಿರದ ಮರುಮಕ್ಕತ್ತಾಯಂ ಇತ್ತು. ಕರಾವಳಿಯ ಕೆಲವು ಮಾಪಿಳ್ಳೆ ಮನೆತನಗಳೂ ತಾಯಿಯ ಕಡೆಯ ಕೂಡುಕುಟುಂಬವಾದ ತರವಾಡನ್ನೇ ಉಳಿಸಿಕೊಂಡಿದ್ದವು. ಹವ್ಯಕ, ಶಿವಳ್ಳಿ, ಕರಾಡ ಮುಂತಾದ ಬ್ರಾಹ್ಮಣರದು ತಂದೆಯಿಂದ ಮಕ್ಕಳಿಗೆ ಸಾಗುವ ಮಕ್ಕಳಸಂತಾನ. ಹೀಗೆ ಒಂದೇ ಊರಿನಲ್ಲಿ, ಒಂದೇ ತೋಡಿನ ಆಚೆ ಈಚೆ, ಹೆಣ್ಣಿನ ಬದುಕಿಗೆ ಎರಡು ಬೇರೆ ಬೇರೆ ಕಟ್ಟಳೆಗಳಿದ್ದವು.

ಈ ಪದ್ಧತಿಯ ಹುಟ್ಟನ್ನು ಹೇಳುವ ಐತಿಹ್ಯ ಭೂತಾಳ ಪಾಂಡ್ಯನದು. ದೇವಪಾಂಡ್ಯನೆಂಬವನ ಹಡಗುಗಳಿಗಾಗಿ ಕುಂಡೋದರ ಭೂತ ನರಬಲಿ ಕೇಳಿತು. ಅವನ ಹೆಂಡತಿ ತನ್ನ ಮಗನನ್ನು ಕೊಡಲು ಒಪ್ಪಲಿಲ್ಲ. ತಂಗಿ ತನ್ನ ಮಗ ಜಯಪಾಂಡ್ಯನನ್ನು ಕೊಟ್ಟಳು. ಭೂತ ಹುಡುಗನನ್ನು ಉಳಿಸಿ, ಭೂತಾಳ ಪಾಂಡ್ಯನೆಂದು ಹೆಸರಿಟ್ಟು, ಇನ್ನು ಮುಂದೆ ಸೊತ್ತು ಅಳಿಯನಿಗೇ, ಅಂದರೆ ಸೋದರಿಯ ಮಗನಿಗೇ, ಸೇರಬೇಕೆಂದು ವಿಧಿಸಿತು. ಇದನ್ನು ಚರಿತ್ರೆಯೆಂದು ಓದಲಾಗದು. ಆದರೂ ಕಥೆಯ ಒಳಗಿನ ನಂಬಿಕೆ ಗಮನಾರ್ಹ: ಹೆಂಡತಿ ಹೊರಗಿನವಳು, ಒಡಹುಟ್ಟಿದವಳೇ ಮನೆಯವಳು.

ಕುಟುಂಬದ ಒಳಗೆ

ಒಬ್ಬ ಮೂಲಸ್ತ್ರೀಯ ಸಂತತಿಯೆಲ್ಲ ಸೇರಿದರೆ ಕುಟುಂಬ. ಅದರೊಳಗೆ ಒಬ್ಬೊಬ್ಬ ಹೆಣ್ಣಿನ ಕವಲು ಒಂದೊಂದು ಕವರು. ಮಕ್ಕಳಿಗೆ ಬಳಿ (ಗೋತ್ರದಂಥ ಕುಲಗುಂಪು) ಬರುವುದು ತಾಯಿಯಿಂದ, ಒಂದೇ ಬಳಿಯವರು ಒಡಹುಟ್ಟಿದವರೆಂದು ಲೆಕ್ಕ, ಅವರೊಳಗೆ ಮದುವೆ ಇಲ್ಲ. ಹಿರಿಯ ಗಂಡಸು ಯಜಮಾನ. ಹೆಂಗಸೇ ಹಿರಿಯಳಾದರೆ ಅವಳು ಯಜಮಾನ್ತಿ. ಮರುಮಕ್ಕತ್ತಾಯದಲ್ಲಿ ಕಾರಣವರ್, ಅಂದರೆ ಮನೆತನದ ಯಜಮಾನ, ಸ್ಥಾನ ಸಾಮಾನ್ಯವಾಗಿ ಗಂಡಸಿನದೇ ಆಗಿತ್ತು ಎಂಬುದನ್ನು ನೆನೆದರೆ ಈ ವ್ಯತ್ಯಾಸ ಸಣ್ಣದಲ್ಲ. ಹಾಗೆಂದು ಇದನ್ನು ಸ್ತ್ರೀರಾಜ್ಯವೆಂದು ಬಣ್ಣಿಸುವುದು ತಪ್ಪು. ದಿನದಿನದ ವ್ಯವಹಾರ, ಗೇಣಿ, ದೈವದ ಚಾಕರಿ ಬಹುಮಟ್ಟಿಗೆ ತಮ್ಮಲೆಯ, ಅಂದರೆ ಸೋದರಮಾವನ ಕೈಯಲ್ಲೇ ಇದ್ದವು. ಹೆಣ್ಣಿಗೆ ಸಿಕ್ಕಿದ್ದು ಅಧಿಕಾರಕ್ಕಿಂತ ಹೆಚ್ಚಾಗಿ ಆಸರೆ: ಯಾರೂ ಹೊರಗೆ ಹಾಕಲಾಗದ ಒಂದು ತಾಯಿಮನೆ.

ಮದುವೆಯ ರೀತಿನೀತಿಗಳೆಲ್ಲ ಈ ಆಸರೆಯ ಮೇಲೆ ನಿಂತಿದ್ದವು. ಹೆಣ್ಣು ಗಂಡನ ಮನೆಯಲ್ಲಿ ಬಾಳಿದರೂ ಅವಳ ಮಕ್ಕಳು ಅವಳ ಕುಟುಂಬದವರು. ಗಂಡ ತೀರಿಕೊಂಡರೆ ಅವಳು ಮಕ್ಕಳೊಂದಿಗೆ ತಾಯಿಮನೆಗೆ ಮರಳುತ್ತಿದ್ದಳು. ಮೊದಲ ಮದುವೆಗೆ ಕೈಧಾರೆ, ವಿಧವೆಯ ಮದುವೆಗೆ ಬುಡುಧಾರೆ ಎಂಬ ವಿಧಿಗಳಿದ್ದವು. ಮರುಮದುವೆ ಕಳಂಕವಾಗಿರಲಿಲ್ಲ, ಗಂಡಹೆಂಡಿರು ಬಿಟ್ಟು ಬೇರಾಗುವುದಕ್ಕೂ ದಾರಿ ಇತ್ತು. ಅದೇ ಕಾಲಕ್ಕೆ ನೆರೆಯ ಬ್ರಾಹ್ಮಣ ಮನೆಗಳಲ್ಲಿ ಮೈನೆರೆಯುವ ಮುನ್ನವೇ ಹುಡುಗಿಯರಿಗೆ ಮದುವೆಯಾಗುತ್ತಿತ್ತು. ಗಂಡ ಸತ್ತ ಎಳೆಯ ಹುಡುಗಿ ತಲೆ ಬೋಳಿಸಿಕೊಂಡು ಮಡಿಯಲ್ಲಿ ಮೂಲೆ ಹಿಡಿಯಬೇಕಾಗಿತ್ತು. ಶೀಲದ ಬಗೆಗಿನ ಕಟ್ಟುನಿಟ್ಟಿಗೂ ಆಸ್ತಿ ಸಾಗುವ ದಾರಿಗೂ ಇರುವ ನಂಟನ್ನು ಇಷ್ಟು ಹತ್ತಿರದಿಂದ ತೋರಿಸುವ ನೆಲ ಬೇರೆ ಕಡೆ ಸಿಗುವುದು ಕಷ್ಟ. ತಂದೆ ಯಾರೆಂಬುದರ ಮೇಲೆ ಪಾಲು ನಿಲ್ಲದ ಕಡೆ ಹೆಣ್ಣಿನ ಮೈಗೆ ಕಾವಲು ಸಡಿಲವಾಗಿತ್ತು.

ಆದರೆ ಈ ಸಡಿಲಿಕೆಗೂ ಎಲ್ಲೆಗಳಿದ್ದವು. ತೆಂಕಣ ನಾಯರ್ ಹೆಂಗಸರು ಚಂದ್ರಗಿರಿ ಹೊಳೆ ದಾಟಿ ಬಡಗು ಕಡೆಗೆ ಬರಬಾರದೆಂಬ ನಿಷೇಧವನ್ನು ಬ್ರಿಟಿಷರ ಕಾಲದ ಗೆಜೆಟಿಯರ್‌ಗಳು ದಾಖಲಿಸಿವೆ. ಜಿಲ್ಲೆಯ ತೆಂಕು ಭಾಗದಲ್ಲಿ ಪೂಜೆಗೊಳ್ಳುವ ಮುಚ್ಚಿಲೋಟ್ ಭಗವತಿಯ ಐತಿಹ್ಯ ಇನ್ನೂ ಕಠೋರ. ಪೆರಿಂಚೆಲ್ಲೂರು ಎಂಬ ಊರಿನ ವಿದುಷಿ ಕನ್ಯೆಯೊಬ್ಬಳು ವಾದಸಭೆಯಲ್ಲಿ ಸುಖಗಳಲ್ಲಿ ಕಾಮವೂ ನೋವುಗಳಲ್ಲಿ ಹೆರಿಗೆಯೂ ದೊಡ್ಡವು ಎಂದಳು. ಅನುಭವವಿಲ್ಲದೆ ಇದು ತಿಳಿಯದೆಂದು ವಾದಿಸಿ ಪಂಡಿತರು ಅವಳ ಶೀಲವನ್ನೇ ಶಂಕಿಸಿ ಬಹಿಷ್ಕರಿಸಿದರು, ಅವಳು ಬೆಂಕಿಗೆ ಹಾರಿದಳು. ಆ ಬೆಂಕಿಗೆ ಎಣ್ಣೆ ಸುರಿದವನು ಗಾಣದ ವಾಣಿಯನೆಂದು ಕಥೆ. ವಾಣಿಯರು ಇಂದಿಗೂ ಅವಳನ್ನು ಕುಲದೇವತೆಯಾಗಿ ನಂಬುತ್ತಾರೆ. ಅವಳ ತೆಯ್ಯಂ (ದೈವದ ವೇಷ) ಕಟ್ಟುವವರು ಗಂಡಸರು.

ನ್ಯಾಯಾಲಯದ ನೋಟ

ಬ್ರಿಟಿಷರ ಕಾಲದಲ್ಲಿ ಕಾಸರಗೋಡು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಮದ್ರಾಸ್ ಹೈಕೋರ್ಟ್ 1863ರ ಮುಂಡ ಚೆಟ್ಟಿ ಪ್ರಕರಣದಲ್ಲಿ ಅಳಿಯಸಂತಾನದ ಕುಟುಂಬವನ್ನು ಒಬ್ಬರ ಹಟದಿಂದ ಪಾಲು ಮಾಡಲಾಗದೆಂದು ತೀರ್ಮಾನಿಸಿತು. ಮನೆತನ ಒಡೆಯದೆ ಉಳಿಯಿತು. ಮದುವೆಯ ವಿಷಯದಲ್ಲಿ ಅದೇ ಕೋರ್ಟು ಬೇರೆ ದಾರಿ ಹಿಡಿಯಿತು. 1883ರ ಕೊರಗ ಪ್ರಕರಣದಲ್ಲಿ, ಈ ಪದ್ಧತಿಯ ಗಂಡುಹೆಣ್ಣಿನ ಸಂಬಂಧ ದಂಡಸಂಹಿತೆ ಹೇಳುವ ವಿವಾಹವಲ್ಲ, ಆದ್ದರಿಂದ ಇಲ್ಲಿ ವ್ಯಭಿಚಾರದ ಅಪರಾಧವೂ ಇಲ್ಲ ಎಂದಿತು. ದೈವ, ಬಂಧು, ಊರು ಸಾಕ್ಷಿಯಾಗಿ ನಡೆದ ಧಾರೆಯನ್ನು ಹೀಗೆ ತಳ್ಳಿಹಾಕಿದ್ದು ಅನ್ಯಾಯವೆಂದೇ ಹೇಳಬೇಕು. ತಂದೆಗೆ ಮಗುವಿನ ಮೇಲೆ ಹಕ್ಕಿಲ್ಲದ ಸಂಬಂಧವನ್ನು ಆ ನ್ಯಾಯಾಧೀಶರ ಕಾನೂನು ಮದುವೆಯೆಂದು ಗುರುತಿಸಲಾರದೆ ಹೋಯಿತು. ಇಂಥ ಮದುವೆಗಳ ನೋಂದಣಿಗೆ ಅವಕಾಶ ಕೊಟ್ಟ 1896ರ ಮಲಬಾರ್ ವಿವಾಹ ಕಾಯಿದೆಯನ್ನು ಜನ ಹೆಚ್ಚಾಗಿ ಬಳಸಲಿಲ್ಲ.

ತಂದೆಯ ಹಕ್ಕಿಗೂ ವ್ಯಭಿಚಾರದ ಕಾನೂನಿಗೂ ಇರುವ ಈ ನಂಟು ಪ್ರಾಚೀನ ರೋಮಿನೊಡನೆ ಹೋಲಿಸಿದರೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಅಲ್ಲಿ ಮನೆಯ ಒಡೆಯ ತಂದೆ; ವಿಚ್ಛೇದನವಾದರೆ ಮಕ್ಕಳು ಅವನ ಪಾಲು. ಕ್ರಿಸ್ತಪೂರ್ವ 18ರಲ್ಲಿ ಚಕ್ರವರ್ತಿ ಅಗಸ್ಟಸ್ ಹೆಂಡತಿಯ ವ್ಯಭಿಚಾರವನ್ನು ಸಾರ್ವಜನಿಕ ಅಪರಾಧವಾಗಿಸಿದ. ಗಂಡ ತನ್ನ ಗುಲಾಮ ಹೆಣ್ಣಿನೊಡನೆ ಕೂಡಿದರೆ ಅದಕ್ಕೆ ಶಿಕ್ಷೆಯಿರಲಿಲ್ಲ. ಅವನ ವಿವಾಹ ಕಾನೂನುಗಳು 20ರಿಂದ 50 ವರ್ಷದ ಹೆಂಗಸರು ಮದುವೆಯಾಗಿರಬೇಕೆಂದು ವಿಧಿಸಿ, ಆಗದವರ ಉತ್ತರಾಧಿಕಾರದ ಹಕ್ಕನ್ನು ಮೊಟಕುಗೊಳಿಸಿದವು.

ಅದೇ ಐವತ್ತರ ಗೆರೆ 1949ರ ಮದ್ರಾಸ್ ಅಳಿಯಸಂತಾನ ಕಾಯಿದೆಯಲ್ಲೂ ಕಾಣುತ್ತದೆ. ಮದುವೆಗೆ ಕಾನೂನಿನ ಮನ್ನಣೆಯನ್ನೂ ಕವರುಗಳಿಗೆ ಪಾಲು ಕೇಳುವ ಹಕ್ಕನ್ನೂ ಕೊಟ್ಟ ಕಾಯಿದೆ ಇದು. 50 ವರ್ಷ ತುಂಬದ ಒಬ್ಬ ಹೆಣ್ಣಾದರೂ ಇದ್ದರೆ ಅದು ಸಂತತಿ ಕವರು, ಇಲ್ಲದಿದ್ದರೆ ನಿಸ್ಸಂತತಿ ಕವರು. ಕುಟುಂಬದಲ್ಲಿ ಸಂತತಿ ಕವರು ಇರುವಾಗ ನಿಸ್ಸಂತತಿ ಕವರಿಗೆ ಸಿಗುತ್ತಿದ್ದುದು ಜೀವಿತಾವಧಿಯ ಅನುಭೋಗ ಮಾತ್ರ. ಹೆಣ್ಣಿನಿಂದ ವಂಶ ನಡೆಯುವ ಪದ್ಧತಿ ಕೊನೆಗೆ ಹೆಣ್ಣನ್ನು ಅವಳ ಹೆರುವ ವಯಸ್ಸಿನಿಂದ ಅಳೆಯಿತು. ಮಕ್ಕಳಿಲ್ಲದ ಮುದುಕಿಗೂ ಐವತ್ತು ದಾಟಿದ, ಗಂಡು ಸಂತಾನವಷ್ಟೇ ಇದ್ದ ತಾಯಿಗೂ ಇದರ ಪೆಟ್ಟು ಬಿತ್ತು.

ನಂತರ

1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಅಳಿಯಸಂತಾನದವರ ಆಸ್ತಿಗೆ ಪ್ರತ್ಯೇಕ ನಿಯಮಗಳನ್ನು ಸೇರಿಸಿತು. ಅದೇ ವರ್ಷ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಹೋಯಿತು. ಕೇರಳದ 1975ರ ಅವಿಭಕ್ತ ಹಿಂದೂ ಕುಟುಂಬ ರದ್ದತಿ ಕಾಯಿದೆ 1976ರ ಡಿಸೆಂಬರ್ 1ರಂದು ಜಾರಿಯಾದಾಗ ತರವಾಡುಗಳ ಜೊತೆಗೆ ಇಲ್ಲಿನ ಕುಟುಂಬ, ಕವರುಗಳೂ ಕಾನೂನಿನ ಮಟ್ಟಿಗೆ ಮುಗಿದವು. ಸದಸ್ಯರೆಲ್ಲ ತಂತಮ್ಮ ಪಾಲಿಗೆ ಪೂರ್ಣ ಒಡೆಯರಾದರು. ತಲಪಾಡಿಯ ಗಡಿಯಾಚೆ, ಕರ್ನಾಟಕದಲ್ಲಿ, ಅಂಥ ರದ್ದತಿ ನಡೆಯಲಿಲ್ಲ. ಅಲ್ಲಿ 1949ರ ಕಾಯಿದೆಗೇ ತಿದ್ದುಪಡಿಯಾಯಿತು. ಹಾಗಾಗಿ ಮಂಜೇಶ್ವರದಲ್ಲೂ ಮಂಗಳೂರಿನ ಬದಿಯಲ್ಲೂ ನೆಲವಿರುವ ಮನೆತನದವರು ಒಬ್ಬ ಅಜ್ಜಿಯ ಸೊತ್ತನ್ನೇ ಎರಡು ಕಾನೂನುಗಳಡಿ ಲೆಕ್ಕ ಹಾಕಬೇಕಾಗುತ್ತದೆ.