ಜನವರಿ ಇಪ್ಪತ್ತಾರು

ತಾರೀಖುಗಳಲ್ಲಿ ಯಾವುದೂ ಹುಟ್ಟಿನಿಂದ ದೊಡ್ಡದಲ್ಲ. ಕೆಲವು ದಿನಗಳಿಗೆ ಘಟನೆಗಳು ಕಾಕತಾಳೀಯವಾಗಿ ಬಂದು ಸೇರುತ್ತವೆ. ಕೆಲವನ್ನು ಜನರೇ ಆರಿಸಿಕೊಂಡು, ನೆನಪಿನಿಂದ ಕಾಪಾಡಿ ದೊಡ್ಡವನ್ನಾಗಿ ಮಾಡುತ್ತಾರೆ. ಈ ಎರಡು ಬಗೆಯೂ ಒಂದೆಡೆ ಕೂಡಿರುವುದಕ್ಕೆ ಜನವರಿ 26ನೆಯ ದಿನವು ಒಳ್ಳೆಯ ನಿದರ್ಶನವಾಗಿದೆ.

1788ರಲ್ಲಿ ಈ ದಿನ ಆರ್ಥರ್ ಫಿಲಿಪ್ಪನು ಗಡೀಪಾರಾದ ಸೆರೆಯಾಳುಗಳನ್ನು ಇಂಗ್ಲೆಂಡಿನಿಂದ ಹಡಗುಗಳಲ್ಲಿ ತಂದು, ಆಸ್ಟ್ರೇಲಿಯದ ಸಿಡ್ನಿಯಲ್ಲಿ ಬ್ರಿಟಿಷರ ಧ್ವಜವನ್ನೇರಿಸಿದನು. ವಲಸೆ ಬಂದವರ ಸಂತತಿಗೆ ಅದು ಹಬ್ಬವಾಯಿತು. ಆದರೆ 150 ವರ್ಷ ತುಂಬಿದ 1938ರಲ್ಲಿ ಆ ನೆಲದ ಮೂಲನಿವಾಸಿಗಳು ಅದೇ ಊರಿನಲ್ಲಿ ಸಭೆ ಸೇರಿ ಅದನ್ನು ಶೋಕದಿನವೆಂದು ಆಚರಿಸಿದರು.

ಕನ್ನಡ ನಾಡಿಗೂ ಈ ದಿನದ ಮೊದಲ ಗುರುತು ಶೋಕದ್ದೇ ಆಗಿದೆ. ಕಿತ್ತೂರು 1824ರಲ್ಲಿ ಪತನಗೊಂಡು, ರಾಣಿ ಚೆನ್ನಮ್ಮನು 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಕಣ್ಮುಚ್ಚಿದ ಮೇಲೂ ಸಂಗೊಳ್ಳಿ ರಾಯಣ್ಣನು ಛಲವನ್ನು ಬಿಡಲಿಲ್ಲ. ದತ್ತುಪುತ್ರನಾದ ಶಿವಲಿಂಗಪ್ಪನನ್ನು ಗದ್ದುಗೆಯ ಮೇಲೆ ಕೂರಿಸಬೇಕೆಂದು ಕಾಡುಮೇಡುಗಳಲ್ಲಿ ಕಾದಾಡಿದನು. ದ್ರೋಹದಿಂದ ಸೆರೆಸಿಕ್ಕ ಅವನನ್ನು ಆಂಗ್ಲರು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು.

ತೊಂಬತ್ತೊಂಬತ್ತು ವರ್ಷಗಳ ಬಳಿಕ ಆ ದಿನವು ದೇಶದ್ದಾಯಿತು. 1929ರ ಕೊನೆಯಲ್ಲಿ ಲಾಹೋರಿನ ರಾವಿ ತೀರದಲ್ಲಿ ಜವಾಹರಲಾಲ ನೆಹರೂ ಅವರ ಅಧ್ಯಕ್ಷತೆಯಲ್ಲಿ ಕೂಡಿದ ಕಾಂಗ್ರೆಸ್ಸು ಪೂರ್ಣ ಸ್ವರಾಜ್ಯವನ್ನೇ ಗುರಿಯೆಂದು ಸಾರಿತು. ಪ್ರತಿಜ್ಞೆಗೆ 1930ರ ಜನವರಿಯ ಕೊನೆಯ ಭಾನುವಾರವನ್ನು ಗೊತ್ತುಮಾಡಿದರು; ಅದು 26ನೆಯ ತಾರೀಖಿಗೆ ಬಿದ್ದಿತು. ರಾಯಣ್ಣನನ್ನು ನೆನೆದು ಆರಿಸಿದುದಲ್ಲ. ಆದರೂ ಮುಂದೆ ವರ್ಷವರ್ಷವೂ ಜನರು ಪ್ರತಿಜ್ಞೆಯನ್ನೋದಿ, ಲಾಠಿಯ ಏಟನ್ನೂ ಸಹಿಸಿ ಆ ದಿನವನ್ನು ಉಳಿಸಿಕೊಂಡರು.

1947ರಲ್ಲಿ ಸ್ವಾತಂತ್ರ್ಯ ಬಂದಾಗ ದಿನವನ್ನು ಆರಿಸಿದವರು ವೈಸರಾಯ್ ಮೌಂಟ್‌ಬ್ಯಾಟನ್ ಪ್ರಭುಗಳು. ಜಪಾನು ಶರಣಾಗಿ ಎರಡು ವರ್ಷ ತುಂಬುವ ದಿನವೆಂದು ಆಗಸ್ಟ್ 15 ಅವರಿಗೆ ಒಪ್ಪಿಗೆಯಾಯಿತು. ಜನರ ದಿನವು ಹಿಂದೆ ಸರಿಯಿತು. ಅದನ್ನು ಸಂವಿಧಾನ ಸಭೆ ಮರೆಯಲಿಲ್ಲ. 1949ರ ನವೆಂಬರ್ 26ರಂದೇ ಸಂವಿಧಾನವು ಅಂಗೀಕೃತವಾದರೂ, ಪೌರತ್ವವೇ ಮೊದಲಾದ ಕೆಲವು ವಿಧಿಗಳ ಹೊರತು ಉಳಿದುದನ್ನೆಲ್ಲ ಎರಡು ತಿಂಗಳು ತಡೆದು, 1950ರ ಜನವರಿ 26ರಂದು ಜಾರಿಗೆ ತಂದರು. ಇಲ್ಲಿ ಕಾಕತಾಳೀಯವೇನೂ ಇಲ್ಲ, ಇದು ಕೃತಜ್ಞತೆ.

ಅಂದು ಮೈಸೂರಿನಲ್ಲಿ ಮಹಾರಾಜರಾದ ಜಯಚಾಮರಾಜ ಒಡೆಯರು ರಾಜಪ್ರಮುಖರಾದರು; ನಂದಗಡವು ಮುಂಬಯಿ ರಾಜ್ಯದಲ್ಲಿತ್ತು. ಒಂದೇ ಸಂವಿಧಾನದ ನೆರಳಿಗೆ ಬಂದ ಕನ್ನಡ ಸೀಮೆಗಳು ಒಂದೇ ರಾಜ್ಯವಾಗಲು 1956ರ ನವೆಂಬರ್ 1ರವರೆಗೆ ಕಾಯಬೇಕಾಯಿತು.

ಪ್ರಕೃತಿಗೆ ಮನುಷ್ಯನ ಹಬ್ಬಗಳ ಪರಿವೆಯಿಲ್ಲ. 2001ರ ಇದೇ ದಿನ ಬೆಳಿಗ್ಗೆ ಕಚ್ಛದ ಭೂಮಿ ಕಂಪಿಸಿತು. ಅಂಜಾರಿನಲ್ಲಿ ಧ್ವಜ ಹಿಡಿದು ಮೆರವಣಿಗೆ ಹೊರಟಿದ್ದ ಶಾಲೆಯ ಮಕ್ಕಳು, ಓಣಿಯ ಇಕ್ಕೆಲದ ಮನೆಗಳು ಕುಸಿದು ಮಡಿದರು. ಅಂದಿನಿಂದ ಎಷ್ಟೋ ಮನೆಗಳಲ್ಲಿ ಈ ದಿನದ ಸಂಭ್ರಮದ ಜೊತೆಗೆ ಕಣ್ಣೀರೂ ಸೇರಿದೆ.

ನಂದಗಡದಲ್ಲಿ ರಾಯಣ್ಣನ ಸಮಾಧಿಯಿದೆ. ಅವನ ಸಾವಿನ ದಿನವನ್ನು ಗೊತ್ತುಮಾಡಿದವರು ಅವನ ಶತ್ರುಗಳು. ಅಂದು ಧ್ವಜಕ್ಕೆ ವಂದಿಸುವ ಕನ್ನಡಿಗರು ಅವನನ್ನೂ ನೆನೆದರೆ, ಆ ದಿನವು ಶತ್ರುಗಳ ಕೈತಪ್ಪಿ ಅವನ ಜನರದಾಗುತ್ತದೆ.